ಪ್ರವಾಹಿಶಾಸ್ತ್ರದ ಕನ್ನಡ ಪರಿಭಾಷೆ: ‘ಸ್ನಿಗ್ಧತೆ’ ಎಂಬ ಶಬ್ದದ ವಿಮರ್ಶೆ

ಒಂದು ಶಾಸ್ತ್ರವು ಹೊಸದಾಗಿ ಒಂದು ಭಾಷೆಯನ್ನು ಹೊಗುವಾಗ ಮೊದಲು ಬಾಗಿಲಲ್ಲಿ ಕಾಣಿಸಿಕೊಳ್ಳುವುವು ಅದರ ಸಂಜ್ಞಾಶಬ್ದಗಳು. ಅವು ಸಮರ್ಪಕವಾಗಿದ್ದರೆ ಶಾಸ್ತ್ರಾರ್ಥವು ಅವುಗಳ ಹಿಂದೆಯೇ ಒಳಕ್ಕೆ ಬರುವುದು. ಅಸಮರ್ಪಕವಾಗಿದ್ದರೆ ಅರ್ಥವು ಹೊರಗೆ ನಿಂತು ಶಬ್ದ ಮಾತ್ರ ವಿದ್ಯಾರ್ಥಿಯ ಕಂಠದಲ್ಲಿ ಉಳಿಯುವುದು. ಕನ್ನಡದಲ್ಲಿ ಈ ವಿಚಾರವು ನಿನ್ನೆ ಮೊನ್ನೆಯದಲ್ಲ. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದಂದಿನಿಂದ ಪರಿಭಾಷೆಯ ಪ್ರಶ್ನೆಯು ಕನ್ನಡ ವಿದ್ವಾಂಸರ ಮುಂದೆ ಇದ್ದೇ ಇದೆ. ೨೦೨೧ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಇಂಜಿನಿಯರಿಂಗ್ ಪದವಿಯ ಪಾಠಗಳನ್ನು ದೇಶಭಾಷೆಗಳಲ್ಲಿ ಹೇಳಲು ಅನುಮತಿಯಿತ್ತು, ಆ ಭಾಷೆಗಳಲ್ಲಿ ಕನ್ನಡವನ್ನೂ ಸೇರಿಸಿತು. ಆದಕಾರಣ ಹಿಂದೆ ವಿದ್ವದ್ಗೋಷ್ಠಿಯ ವಿಷಯವಾಗಿದ್ದುದು ಈಗ ತರಗತಿಯ ವಿಷಯವಾಗಿದೆ. ಶಬ್ದವು ತಪ್ಪಿದರೆ ಆಗುವ ನಷ್ಟವೂ ಅದಕ್ಕೆ ತಕ್ಕಂತೆ ದೊಡ್ಡದಾಗಿದೆ.

ರಾಸಾಯನಿಕ ಇಂಜಿನಿಯರಿಂಗನ್ನು ಕಲಿಯುವವನಿಗೆ ಪ್ರವಾಹಿಶಾಸ್ತ್ರವು ಮೊದಲ ಮೆಟ್ಟಿಲುಗಳಲ್ಲಿ ಒಂದು. ಅವನ ವೃತ್ತಿಯಲ್ಲಿ ಕುದಿಸುವುದು, ಸೋಸುವುದು, ಬೆರಸುವುದು, ತಿಳಿಯಾಗಿಸುವುದು ಮುಂತಾದ ಕ್ರಿಯೆಗಳೆಲ್ಲವೂ ಹರಿಯುವ ವಸ್ತುಗಳಲ್ಲಿಯೇ ಬಹುಪಾಲು ನಡೆಯುವುವು. ನಿಶ್ಚಲಸ್ಥಿತಿಯಲ್ಲಿ ಯಾವ ವಸ್ತುವು ತನ್ನ ಪದರಗಳನ್ನು ಸರಿಸುವ ಬಲವನ್ನು ತಡೆಯಲಾರದೋ ಅದು ಪ್ರವಾಹಿ. ಅಂಥ ಬಲವು ಎಷ್ಟು ಅಲ್ಪವಾದರೂ ಅದು ಸರಿಯುತ್ತಲೇ ಇರುವುದು. ಈ ಲಕ್ಷಣಕ್ಕೆ ನೀರು, ಎಣ್ಣೆಗಳಂತೆ ಗಾಳಿಯೂ ಲಕ್ಷ್ಯ. ಇಲ್ಲಿಂದ ಮುಂದಕ್ಕೆ ಒತ್ತಡ, ಹರಿವಿನ ಪ್ರಮಾಣ, ಒಳಗಿನ ಘರ್ಷಣೆ, ಪದರ ಪದರವಾಗಿ ಹರಿಯುವುದು, ಕಲಕಿಕೊಂಡು ಹರಿಯುವುದು ಎಂಬ ಅರ್ಥಗಳು ಕ್ರಮವಾಗಿ ಬರುವುವು. ಇವಕ್ಕೆ ಕನ್ನಡದಲ್ಲಿ ಇಟ್ಟಿರುವ ಹೆಸರುಗಳನ್ನು ಪರೀಕ್ಷಿಸಲು ನಿಕಷವೊಂದು ಬೇಕು. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿಯ ಬೆಟ್ಟಗಳು ಅಂಥ ನಿಕಷಗಳಾಗಲು ಯೋಗ್ಯವಾಗಿವೆ. ಭದ್ರೆ ಹೇಮಾವತಿಗಳು ಹುಟ್ಟುವ ಈ ಸೀಮೆಯಲ್ಲಿ ನೀರಿನ ನಡೆಯನ್ನು ಕಾಣದೆ ಬೆಳೆದ ಬಾಲಕನಿಲ್ಲ. ಕಾಫಿಯ ಹಣ್ಣನ್ನು ನೀರಿನಲ್ಲಿ ಸಂಸ್ಕರಿಸುವ ಪ್ರತಿಯೊಂದು ಪಲ್ಪರ್ ಮನೆಯೂ ಪ್ರವಾಹಿಶಾಸ್ತ್ರದ ಒಂದು ಸಣ್ಣ ಪಾಠಶಾಲೆಯಾಗಿದೆ.

ಶಬ್ದಪರೀಕ್ಷೆಗೆ ತರ್ಕಶಾಸ್ತ್ರದವರು ಲಕ್ಷಣಕ್ಕೆ ಹೇಳಿದ ಮೂರು ದೋಷಗಳೇ ಸಾಕು. ಲಕ್ಷ್ಯದ ಒಂದು ಭಾಗದಲ್ಲಿ ಇಲ್ಲದಿರುವುದು ಅವ್ಯಾಪ್ತಿ. ಲಕ್ಷ್ಯವಲ್ಲದುದರಲ್ಲಿಯೂ ಇರುವುದು ಅತಿವ್ಯಾಪ್ತಿ. ಲಕ್ಷ್ಯದಲ್ಲಿ ಎಲ್ಲಿಯೂ ಇಲ್ಲದಿರುವುದು ಅಸಂಭವ. ಪ್ರವಾಹಿಯನ್ನು ‘ದ್ರವ’ವೆಂದು ಕರೆದರೆ ಗಾಳಿಯು ಹೊರಗುಳಿಯುವುದರಿಂದ ಅವ್ಯಾಪ್ತಿಯಾಗುವುದು. ವೈಶೇಷಿಕರು ದ್ರವತ್ವವನ್ನು ಪೃಥಿವಿ, ಜಲ, ತೇಜಸ್ಸುಗಳಲ್ಲಿ ಹೇಳಿ ವಾಯುವಿನಲ್ಲಿ ಹೇಳಲಿಲ್ಲವೆಂಬುದು ಇಲ್ಲಿ ಸ್ಮರಣೀಯ. ‘ತರಲ’ವೆಂದರೆ ಸಂಸ್ಕೃತದಲ್ಲಿ ಅಲುಗಾಡುವುದೆಂದರ್ಥ; ಕನ್ನಡದ ಬಾಲಕನಿಗೆ ಮೊದಲು ನೆನಪಾಗುವುದು ತರಲೆ. ‘ಪ್ರವಾಹಿ’ಯಾದರೋ ಹರಿಯುವ ಸ್ವಭಾವವುಳ್ಳದ್ದೆಂದು ಎರಡನ್ನೂ ಹಿಡಿಯುವುದರಿಂದ ನಿರ್ದುಷ್ಟವಾಗಿದೆ. ಆದರೆ ಹರಿಯುವ ಕ್ರಿಯೆಗೆ ‘ಪ್ರವಾಹ’ವೆನ್ನುವುದು ಈ ಸೀಮೆಯಲ್ಲಿ ಸಲ್ಲದು. ಮಳೆಗಾಲದಲ್ಲಿ ಕಳಸದ ಬಳಿಯ ಹೆಬ್ಬಾಳೆ ಸೇತುವೆಯು ಭದ್ರೆಯಲ್ಲಿ ಮುಳುಗುವುದನ್ನು ನೋಡಿದವನಿಗೂ, ೨೦೧೯ರ ಆಗಸ್ಟ್ ತಿಂಗಳಲ್ಲಿ ಮೂಡಿಗೆರೆಯ ಗುಡ್ಡಗಳು ಜರಿದುದನ್ನು ಕಂಡವನಿಗೂ ಪ್ರವಾಹವೆಂದರೆ ವಿಪತ್ತು. ನಲ್ಲಿಯ ಕೊಳವೆಯಲ್ಲಿ ಪ್ರವಾಹವಿದೆಯೆಂದರೆ ಅವನು ನಕ್ಕಾನು. ‘ಹರಿವು’ ಎಂಬ ಅಚ್ಚಗನ್ನಡ ಶಬ್ದವಿರುವಾಗ ಬೇರೆಯದು ಬೇಡ. ಸಂಸ್ಕೃತವೋ ಕನ್ನಡವೋ ಎಂಬ ಪಕ್ಷಪಾತದಿಂದ ಇಲ್ಲಿ ನಿರ್ಣಯವಾಗತಕ್ಕುದಿಲ್ಲ, ದೋಷರಾಹಿತ್ಯದಿಂದಲೇ ಆಗತಕ್ಕುದು.

ಪ್ರಕೃತ ವಿಷಯವಾದ ‘ಸ್ನಿಗ್ಧತೆ’ಗೆ ಬರೋಣವಾಗಲಿ. ಹರಿಯುವ ವಸ್ತುವಿನ ಒಂದು ಪದರವು ಪಕ್ಕದ ಪದರಕ್ಕಿಂತ ವೇಗವಾಗಿ ಹೋಗಲೆಳಸಿದಾಗ ಪಕ್ಕದ್ದು ಅದನ್ನು ಹಿಂದಕ್ಕೆ ಹಿಡಿಯುವುದು. ಈ ತಡೆಯ ಅಳತೆಗೆ ಕನ್ನಡದ ಪಠ್ಯಪುಸ್ತಕಗಳಲ್ಲಿ ‘ಸ್ನಿಗ್ಧತೆ’ ಎಂಬ ಹೆಸರು ರೂಢವಾಗುತ್ತ ಬಂದಿದೆ. ಈ ಗುಣಕ್ಕೆ ಗಣಿತದ ರೂಪವನ್ನು ಮೊದಲು ಕೊಟ್ಟವನು ೧೬೮೭ರ ತನ್ನ ಮಹಾಗ್ರಂಥದಲ್ಲಿ ನ್ಯೂಟನ್ನನು. ಪದರಗಳು ಒಂದರಿಂದೊಂದು ಅಗಲುವ ವೇಗಕ್ಕೆ ಅನುಗುಣವಾಗಿ ಈ ತಡೆಯಿರುವುದೆಂದು ಅವನು ಊಹಿಸಿದನು. ಅವನು ಅದಕ್ಕೆ ಹೇಳಿದ ಕಾರಣವೇನು? ಪ್ರವಾಹಿಯ ಅಂಶಗಳಲ್ಲಿ ಜಾರಿಕೆಯ ಕೊರತೆ. ಸ್ನಿಗ್ಧವೆಂದರೆ ಎಣ್ಣೆ ಸವರಿದಂತೆ ನುಣುಪಾಗಿ ಜಾರುವುದು. ಗುಣವಾದರೋ ಆ ಜಾರಿಕೆಯ ಅಭಾವ. ಹೀಗಿರಲು ಅದನ್ನು ಸ್ನಿಗ್ಧತೆಯೆಂದು ಕರೆಯುವುದು ಅಭಾವಕ್ಕೆ ಅದರ ಪ್ರತಿಯೋಗಿಯ ಹೆಸರನ್ನಿಟ್ಟಂತೆ, ಕತ್ತಲೆಯನ್ನು ಬೆಳಕೆಂದು ಕರೆದಂತೆ ಆಗುವುದು. ಕೀಲಿಗೆ ಎಣ್ಣೆಯನ್ನು ಬಿಡುವುದು ತಡೆಯನ್ನು ಕಳೆಯಲೆಂದಲ್ಲದೆ ಕೂಡಿಸಲೆಂದಲ್ಲವಷ್ಟೆ.

ಪ್ರಾಚೀನ ಶಾಸ್ತ್ರದ ಬಲದಿಂದ ಈ ಶಬ್ದವನ್ನು ಸಮರ್ಥಿಸಬಹುದೋ ಎಂದರೆ ಅದೂ ಆಗದು. ತರ್ಕಶಾಸ್ತ್ರದಲ್ಲಿ ದ್ರವತ್ವ, ಸ್ನೇಹಗಳು ಬೇರೆ ಬೇರೆ ಗುಣಗಳು. ದ್ರವತ್ವವು ಹರಿವಿಗೆ ಕಾರಣ. ಸ್ನೇಹವು ಜಲದ ವಿಶೇಷಗುಣವಾಗಿ, ಹಿಟ್ಟು ಮುಂತಾದ ಪುಡಿಯು ಉಂಡೆಗಟ್ಟಲು ಕಾರಣ. ಉಂಡೆಗಟ್ಟಿಸುವುದೂ ಹಿಡಿದಿಡುವುದೂ ಒಂದೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಅಲ್ಲ. ತೇವದ ಮರಳು ಮುಷ್ಟಿಯಲ್ಲಿ ಉಂಡೆಯಾಗಿ ನಿಲ್ಲುವುದು ಕಣಕಣಗಳ ನಡುವೆ ಸಿಕ್ಕಿದ ನೀರಿನ ಮೇಲ್ಮೈಯ ಎಳೆತದಿಂದ. ಅಲ್ಲಿ ಹರಿವೇ ಇಲ್ಲವಾದುದರಿಂದ ಹರಿವಿನ ತಡೆಗೆ ಅವಕಾಶವೇ ಇಲ್ಲ. ಹೀಗೆ ನೋಡಿದರೆ ಸ್ನೇಹವೆಂಬ ಹಳೆಯ ಗುಣವು ಇಂದಿನವರ ಮೇಲ್ಮೈ ಎಳೆತಕ್ಕೂ ಒದ್ದೆಮಾಡುವ ಶಕ್ತಿಗೂ ಸಮೀಪವಾದದ್ದು. ಅದನ್ನು ಒಳಘರ್ಷಣೆಗೆ ಕೊಟ್ಟುದರಿಂದ ತನ್ನದಲ್ಲದ ಸ್ಥಾನದಲ್ಲಿ ಅದು ಕುಳಿತಂತಾಯಿತು, ತನ್ನ ಸ್ಥಾನವು ಬರಿದಾಯಿತು.

ಆಯುರ್ವೇದದ ಸಾಕ್ಷ್ಯವು ಇನ್ನೂ ಸ್ಪಷ್ಟವಾಗಿದೆ. ವಾಗ್ಭಟನು ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ಗುರು ಮೊದಲಾದ ೨೦ ಗುಣಗಳನ್ನು ಎದುರುಬದುರಾದ ಜೋಡಿಗಳಾಗಿ ಎಣಿಸುವನು. ಅಲ್ಲಿ ಸ್ನಿಗ್ಧಕ್ಕೆ ಎದುರು ರೂಕ್ಷ. ಸಾಂದ್ರಕ್ಕೆ ಎದುರು ದ್ರವ. ಪಿಚ್ಛಿಲಕ್ಕೆ ಎದುರು ವಿಶದ. ಜಿಡ್ಡಾಗಿರುವುದು, ಮಂದವಾಗಿರುವುದು, ಲೋಳೆಯಾಗಿರುವುದು ಎಂಬ ಮೂರನ್ನು ವೈದ್ಯರು ಬೇರೆಬೇರೆಯಾಗಿಯೇ ಬಲ್ಲವರಾಗಿದ್ದರು. ಅವರ ಮತದಲ್ಲಿ ಜೇನು ರೂಕ್ಷದ್ರವ್ಯ, ಎಂದರೆ ಸ್ನಿಗ್ಧಕ್ಕೆ ವಿರುದ್ಧವಾದದ್ದು. ಹೊಸ ಪರಿಭಾಷೆಯಲ್ಲಾದರೋ ಅದೇ ಜೇನಿನ ‘ಸ್ನಿಗ್ಧತೆ’ಯು ನೀರಿನದಕ್ಕಿಂತ ಸಾವಿರಾರು ಪಾಲು ಹೆಚ್ಚು! ಸಂಸ್ಕೃತದಿಂದ ಶಬ್ದವನ್ನು ತಂದವರು ಸಂಸ್ಕೃತಶಾಸ್ತ್ರದ ವಿವೇಕವನ್ನು ಅಲ್ಲಿಯೇ ಬಿಟ್ಟುಬಂದಂತೆ ತೋರುವುದು.

ಇನ್ನು ಲೋಕವ್ಯವಹಾರದ ನಿಕಷಕ್ಕೆ ಹಚ್ಚಿ ನೋಡಬೇಕು. ಕಾಫಿಯ ಹಣ್ಣನ್ನು ಕೊಯ್ದು ತಂದು ನೀರಿನ ತೊಟ್ಟಿಗೆ ಸುರಿದಾಗ ಪಕ್ವವಾದದ್ದು ಮುಳುಗುವುದು, ಜೊಳ್ಳು ತೇಲುವುದು. ಮುಳುಗಿದ್ದನ್ನು ಪಲ್ಪರಿಗೆ ಕೊಟ್ಟರೆ ಮೇಲಿನ ಕೆಂಪು ಸಿಪ್ಪೆಯು ಹೋಗಿ, ಬೀಜದ ಸುತ್ತ ಲೋಳೆಯ ಒಂದು ಪದರವುಳಿಯುವುದು. ಇದನ್ನು ಬರಿಯ ನೀರಿನಿಂದ ತೊಳೆದರೆ ಹೋಗದು. ಅರೇಬಿಕವಾದರೆ ಒಂದು ದಿನವೋ ಒಂದೂವರೆ ದಿನವೋ ತೊಟ್ಟಿಯಲ್ಲಿ ಹುಳಿಯಲು ಬಿಟ್ಟು, ಲೋಳೆಯಲ್ಲಿರುವ ಪೆಕ್ಟಿನ್ ಎಂಬ ವಸ್ತುವು ಒಡೆದು ನೀರಾದ ಮೇಲೆ ತೊಳೆಯುವರು. ಕೆಲಸದವರು ಒಂದು ಹಿಡಿ ಬೀಜವನ್ನು ಅಂಗೈಯಲ್ಲಿ ಹಿಚುಕಿ ನೋಡುವರು. ಜಾರುತ್ತಿದ್ದ ಬೀಜವು ಗರಗರನೆ ತಾಗಿದರೆ ಹದವಾಯಿತೆಂದು ತಿಳಿಯುವರು. ಇಲ್ಲಿ ಎರಡು ಸಂಗತಿಗಳು ಕೂಡಿವೆ. ಬೆರಳಿಗೆ ಜಾರುವುದು ಬೀಜ; ಜಾರದೆ ಹಿಡಿದು ನಿಲ್ಲುವುದು ಲೋಳೆ. ಇಂಜಿನಿಯರನಿಗೆ ಬೇಕಾದ ಗುಣವು ಎರಡನೆಯದು, ಏಕೆಂದರೆ ಎಷ್ಟು ನೀರಿನಿಂದ, ಎಷ್ಟು ರಭಸದಿಂದ, ಎಷ್ಟು ಹೊತ್ತು ತೊಳೆಯಬೇಕೆಂಬುದು ಅದನ್ನೇ ಅವಲಂಬಿಸಿರುವುದು. ‘ಸ್ನಿಗ್ಧತೆ’ ಎಂಬ ಶಬ್ದವು ಅವನ ಮನಸ್ಸನ್ನು ಮೊದಲನೆಯದರ ಕಡೆಗೆ ಒಯ್ಯುವುದು. ಅದು ಅವನಿಗೆ ತೋರಬೇಕಾದ ವಸ್ತುವಿನಿಂದ ಕಣ್ಣನ್ನು ಬೇರೆಡೆಗೆ ತಿರುಗಿಸುವುದು.

ದೋಷಗಳನ್ನು ಸಂಗ್ರಹಿಸುವುದಾದರೆ: ಜೇನು, ಬೆಲ್ಲದ ಪಾಕ ಮುಂತಾದವು ಜಿಡ್ಡಿಲ್ಲದೆ ಮಂದವಾಗಿರುವುದರಿಂದ ಅವ್ಯಾಪ್ತಿ. ಪೆಟ್ರೋಲು ಎಣ್ಣೆಯ ಜಾತಿಯದಾದರೂ ನೀರಿಗಿಂತ ಸಲೀಸಾಗಿ ಹರಿಯುವುದರಿಂದ, ಸೀಮೆಯೆಣ್ಣೆಯು ಜಿಡ್ಡಾಗಿದ್ದರೂ ನೀರಿನ ಎರಡರಷ್ಟನ್ನು ಹೆಚ್ಚಾಗಿ ಮೀರದಿರುವುದರಿಂದ ಅತಿವ್ಯಾಪ್ತಿ. ಗಾಳಿಗೂ ಈ ಗುಣವುಂಟು. ಅದರ ಪ್ರಮಾಣವು ನೀರಿನದರಲ್ಲಿ ಸುಮಾರು ಐವತ್ತರಲ್ಲಿ ಒಂದು ಪಾಲು. ಕಾಯಿಸಿದರೆ ನೀರಿನದು ಇಳಿಯುವುದು, ಗಾಳಿಯದು ಏರುವುದು. ಗಾಳಿಗೆ ಜಿಡ್ಡೆಂಬುದನ್ನು ಯಾರೂ ಕಂಡಿಲ್ಲವಾದುದರಿಂದ ಅಲ್ಲಿ ಅಸಂಭವವೇ ಸರಿ.

ಇಲ್ಲಿ ಪೂರ್ವಪಕ್ಷಿಯು ಹೀಗೆ ಹೇಳಬಹುದು: “ಶಬ್ದಗಳು ರೂಢಿಯಿಂದ ಅರ್ಥವನ್ನು ಹೇಳುವುವಲ್ಲದೆ ವ್ಯುತ್ಪತ್ತಿಯಿಂದಲೇ ಅಲ್ಲ. ಕೆಸರಿನಲ್ಲಿ ಹುಟ್ಟಿದುದೆಲ್ಲವೂ ಪಂಕಜವಲ್ಲ. ಯುರೋಪಿನವರು ಈ ಗುಣಕ್ಕೆ ಇಟ್ಟಿರುವ ಹೆಸರಾದರೂ ಒಂದು ಗಿಡದ ಹೆಸರಿನಿಂದ ಬಂದದ್ದು. ಅದರಿಂದ ಅವರ ಶಾಸ್ತ್ರಕ್ಕೆ ಏನು ಕುಂದಾಯಿತು?” ಎಂದು. ಈ ಮಾತು ತಳ್ಳಿಬಿಡತಕ್ಕುದಲ್ಲ. ಲ್ಯಾಟಿನ್ ಭಾಷೆಯಲ್ಲಿ ‘ವಿಸ್ಕಮ್’ ಎಂದರೆ ಬಂದಳಿಕೆಯ ಜಾತಿಯ ಗಿಡ. ಅದರ ಹಣ್ಣಿನ ಅಂಟಿನಿಂದ ಹಕ್ಕಿಗಳನ್ನು ಹಿಡಿಯುತ್ತಿದ್ದರು. ಮಲೆನಾಡಿನ ಮರಗಳಲ್ಲಿಯೂ ಬಂದಳಿಕೆಯು ಬೆಳೆಯುವುದು, ಅದರ ಹಣ್ಣಿನ ಅಂಟನ್ನು ಬಲ್ಲವರು ಇಲ್ಲಿಯೂ ಉಂಟು. ಆದರೆ ಆ ದೃಷ್ಟಾಂತವು ಪೂರ್ವಪಕ್ಷಿಗೇ ಪ್ರತಿಕೂಲವಾಗಿದೆ. ಅಂಟು ಹಿಡಿದು ನಿಲ್ಲಿಸುವಂಥದು. ಶಾಸ್ತ್ರದ ಗುಣವೂ ಹಿಡಿದು ನಿಲ್ಲಿಸುವಂಥದು. ಅಲ್ಲಿ ಹೆಸರು ಹಿಗ್ಗಿತಲ್ಲದೆ ವಿರುದ್ಧವಾಗಲಿಲ್ಲ. ಅದೂ ಅಲ್ಲದೆ ರೂಢಿಯು ಪ್ರಯೋಗಬಾಹುಳ್ಯದಿಂದ ಹುಟ್ಟತಕ್ಕುದು. ಶತಮಾನಗಳ ಗ್ರಂಥ, ಪ್ರಯೋಗಶಾಲೆ, ಕಾರ್ಖಾನೆಗಳಲ್ಲಿ ಸವೆದ ಶಬ್ದಕ್ಕೆ ವ್ಯುತ್ಪತ್ತಿಯು ಮರೆತುಹೋದರೂ ಅರ್ಥವು ನಿಲ್ಲುವುದು. ಕನ್ನಡದಲ್ಲಿ ಈ ಶಾಸ್ತ್ರಕ್ಕೆ ಅಂಥ ಬಳಕೆ ಇನ್ನೂ ಬಂದಿಲ್ಲವಾದುದರಿಂದ ವಿದ್ಯಾರ್ಥಿಗೆ ಯೋಗಾರ್ಥವೊಂದೇ ಊರುಗೋಲು. ಆ ಕೋಲೇ ಹಳ್ಳದ ಕಡೆಗೆ ಒಯ್ದರೆ ಅವನೇನು ಮಾಡಿಯಾನು?

ಸಂಸ್ಕೃತಶಾಸ್ತ್ರದಿಂದ ಬಂದ ಸಂಜ್ಞೆಗಳೆಲ್ಲವೂ ಹೀಗೆ ಕೆಟ್ಟುವೆಂದು ಭಾವಿಸಬಾರದು. ‘ಗುರುತ್ವ’ವು ವೈಶೇಷಿಕರಲ್ಲಿ ಬೀಳುವಿಕೆಗೆ ಕಾರಣವಾದ ಗುಣ; ಅವರು ಅದನ್ನು ಪೃಥಿವಿ, ಜಲಗಳಿಗೆ ಮಾತ್ರ ಹೇಳಿದರು, ಇಂದಿನ ಶಾಸ್ತ್ರವು ಗಾಳಿಗೂ ನಕ್ಷತ್ರಗಳಿಗೂ ಹೇಳುವುದು. ‘ಸ್ಥಿತಿಸ್ಥಾಪಕ’ವು ಅವರಲ್ಲಿ ಬಗ್ಗಿಸಿದ ಕೊಂಬೆಯನ್ನು ಮೊದಲಿನ ಸ್ಥಿತಿಗೆ ತರುವ ಸಂಸ್ಕಾರ, ಇಂದು ಉಕ್ಕಿನ ತಂತಿಗೂ ಸಲ್ಲುವುದು. ಎರಡರಲ್ಲಿಯೂ ವ್ಯಾಪ್ತಿಯು ಹಿಗ್ಗಿತು, ದಿಕ್ಕು ತಿರುಗಲಿಲ್ಲ. ಆದುದರಿಂದಲೇ ಅವು ಕನ್ನಡದ ಬಾಲಕರ ನಾಲಗೆಯಲ್ಲಿ ಆಯಾಸವಿಲ್ಲದೆ ನಿಂತಿವೆ. ಲಕ್ಷಣವನ್ನು ಜೊತೆಗೆ ತಂದ ಶಬ್ದವು ಬಾಳುವುದು, ಅದನ್ನು ಬಿಟ್ಟು ಬಂದದ್ದು ತೊಡಕಾಗುವುದು ಎಂಬುದೇ ಇಲ್ಲಿಯ ನಿಯಮ.

ಹಾಗಾದರೆ ಪ್ರತಿಶಬ್ದವೇನು? ‘ಸಾಂದ್ರತೆ’ಯು ಯೋಗ್ಯವಾಗಿದ್ದರೂ ಅದನ್ನು ಗಾತ್ರಕ್ಕೆ ಎಷ್ಟು ತೂಕವೆಂಬ ಬೇರೊಂದು ಗುಣಕ್ಕೆ ಆಗಲೇ ಕೊಟ್ಟಾಗಿದೆ, ಪಾದರಸವು ಆ ಅರ್ಥದಲ್ಲಿ ಬಹಳ ಸಾಂದ್ರವಾದರೂ ಸಲೀಸಾಗಿ ಹರಿಯುವುದು. ‘ಪಿಚ್ಛಿಲತೆ’ಯು ಅರ್ಥಕ್ಕೆ ಹತ್ತಿರ, ಬಾಯಿಗೆ ದೂರ. ‘ಅಂಟು’ ಎಂಬುದು ಎರಡು ವಸ್ತುಗಳನ್ನು ಕೂಡಿಸುವುದಕ್ಕೂ ಸಲ್ಲುವುದರಿಂದ ಅತಿವ್ಯಾಪ್ತ. ಅಡಿಗೆಮನೆಯಲ್ಲಿ ನಿತ್ಯವೂ ಕೇಳಿಬರುವ ಒಂದು ಶಬ್ದವುಂಟು: ಮಂದ. ಗಂಜಿಯು ಮಂದವಾಯಿತು, ಮಜ್ಜಿಗೆಯು ಮಂದವಾಗಿದೆ, ಪಾಕವು ಮಂದಕ್ಕೆ ಬಂದಿತು ಎನ್ನುವರು. ಸಂಸ್ಕೃತದಲ್ಲಿ ಮಂದವೆಂದರೆ ನಿಧಾನ; ಕನ್ನಡದಲ್ಲಿ ದಪ್ಪವೆಂಬರ್ಥವೂ ಸೇರಿದೆ. ಒಳಘರ್ಷಣೆ ಹೆಚ್ಚಿದ ಪ್ರವಾಹಿಯು ದಪ್ಪವಾಗಿ ತೋರಿ ನಿಧಾನವಾಗಿ ಹರಿಯುವುದರಿಂದ ಎರಡು ಭಾಷೆಗಳ ಅರ್ಥಗಳೂ ಈ ಒಂದೇ ಶಬ್ದದಲ್ಲಿ ಬಂದು ಕೂಡುವುವು. ದಪ್ಪನಾದ ಬಟ್ಟೆಯನ್ನೂ ಮಂದವೆನ್ನುವರಾದರೂ ಪ್ರಕರಣವು ಆ ಅರ್ಥವನ್ನು ತಡೆಯುವುದು. ಗಾಳಿಗೆ ಮಂದತೆಯು ಅತ್ಯಲ್ಪವೆಂದರೆ ಯಾವ ವಿರೋಧವೂ ಇಲ್ಲ. ಆದುದರಿಂದ ‘ಮಂದತೆ’ಯನ್ನು ಪರಿಶೀಲಿಸುವುದು ವಿದ್ವಾಂಸರಿಗೆ ಉಚಿತವಾಗಿದೆ.

ಇದೇ ರೀತಿಯಲ್ಲಿ ಹರಿವಿನ ಎರಡು ಬಗೆಗಳ ಹೆಸರುಗಳೂ ಪರೀಕ್ಷಾರ್ಹವಾಗಿವೆ. ೧೮೮೩ರಲ್ಲಿ ರೆನಾಲ್ಡ್ಸ್ ಎಂಬವನು ಗಾಜಿನ ಕೊಳವೆಯಲ್ಲಿ ಹರಿಯುವ ನೀರಿಗೆ ಬಣ್ಣದ ಎಳೆಯೊಂದನ್ನು ಬಿಟ್ಟು ನೋಡಿದನು. ನಿಧಾನವಾದ ಹರಿವಿನಲ್ಲಿ ಎಳೆಯು ನೂಲಿನಂತೆ ನೆಟ್ಟಗೆ ಹೋಯಿತು. ವೇಗವನ್ನು ಏರಿಸಿದಾಗ ಒಡೆದು ಕೊಳವೆಯನ್ನೆಲ್ಲ ತುಂಬಿತು. ವೇಗ, ಅಗಲ, ಸಾಂದ್ರತೆಗಳನ್ನು ಗುಣಿಸಿ ಮಂದತೆಯಿಂದ ಭಾಗಿಸಿದರೆ ಬರುವ ಸಂಖ್ಯೆಯು ಕೊಳವೆಯಲ್ಲಿ ಸುಮಾರು ೨೦೦೦ವನ್ನು ಮೀರಿದ ಮೇಲೆ ಈ ಎರಡನೆಯ ಬಗೆಯು ತಲೆದೋರುವುದು. ಇದನ್ನು ಕೆಲವರು ‘ಪ್ರಕ್ಷುಬ್ಧ ಪ್ರವಾಹ’ವೆಂದು ಬರೆಯುವರು. ಬೇಸಗೆಯಲ್ಲಿ ಕಳಸದ ಬಳಿ ಭದ್ರೆಯು ಪ್ರಶಾಂತವಾಗಿ ಹರಿಯುವುದು. ಒಂದು ಮೀಟರ್ ಆಳದ ನೀರು ಸೆಕೆಂಡಿಗೆ ಅರ್ಧ ಮೀಟರಿನಂತೆ ಹೋದರೂ ಆ ಸಂಖ್ಯೆಯು ೫ ಲಕ್ಷವನ್ನು ಮುಟ್ಟುವುದು. ಎಂದರೆ ಕಣ್ಣಿಗೆ ಪ್ರಶಾಂತವಾದ ಹೊಳೆಯು ಶಾಸ್ತ್ರಕ್ಕೆ ‘ಪ್ರಕ್ಷುಬ್ಧ’ವಾಯಿತು! ಕೋಪದ ಭಾವವನ್ನು ಹೊತ್ತ ಈ ಶಬ್ದದ ಬದಲು ‘ಕಲಕು ಹರಿವು’ ಎಂದರೆ ನಡೆಯುವ ಕಾರ್ಯವೇ ಹೆಸರಾಗುವುದು, ಇನ್ನೊಂದಕ್ಕೆ ‘ಪದರ ಹರಿವು’ ಸಾಕಾಗುವುದು.

ಕಲಕುವುದು ದೋಷವಲ್ಲ, ಉಪಯೋಗವೆಂಬುದಕ್ಕೆ ಇದೇ ಬೆಟ್ಟಗಳಲ್ಲಿ ದೊಡ್ಡ ಉದಾಹರಣೆಯಿದೆ. ೧೯೭೬ರಲ್ಲಿ ಸ್ಥಾಪಿತವಾದ ಕುದುರೆಮುಖ ಕಬ್ಬಿಣದ ಅದಿರಿನ ಕಂಪನಿಯು ಅದಿರನ್ನು ನುಣ್ಣಗೆ ಅರೆದು, ನೀರಿನಲ್ಲಿ ಬಗ್ಗಡಮಾಡಿ, ಸುಮಾರು ೬೭ ಕಿಲೋಮೀಟರು ಉದ್ದದ ಕೊಳವೆಯಲ್ಲಿ ಘಟ್ಟವನ್ನಿಳಿಸಿ ಮಂಗಳೂರಿಗೆ ಕಳುಹಿಸುತ್ತಿತ್ತು. ಸರ್ವೋಚ್ಚ ನ್ಯಾಯಾಲಯದ ಆಜ್ಞೆಯ ಮೇರೆಗೆ ೨೦೦೫ರ ಕೊನೆಗೆ ಗಣಿಗಾರಿಕೆಯು ನಿಂತಿತು. ಅಂಥ ಕೊಳವೆಯಲ್ಲಿ ಹರಿವು ಕಲಕುತ್ತಿರುವಷ್ಟು ಕಾಲ ಅದಿರಿನ ಕಣಗಳು ಮೇಲೆದ್ದೇ ಇರುವುವು. ವೇಗವು ಮಿತಿಗಿಂತ ಇಳಿದರೆ ತಳಕ್ಕೆ ಕುಳಿತು ದಾರಿಯನ್ನು ಕಟ್ಟುವುವು. ಬಗ್ಗಡವೆಂಬ ಹಳ್ಳಿಯ ಶಬ್ದವೂ ಕಲಕುವುದೆಂಬ ಮನೆಯ ಶಬ್ದವೂ ಇಲ್ಲಿ ದೊಡ್ಡ ಯಂತ್ರಶಾಸ್ತ್ರದ ಭಾರವನ್ನು ತಡೆದು ನಿಲ್ಲುವುವು.

ಶಬ್ದವನ್ನು ಸರಿಪಡಿಸಿದ ಮಾತ್ರಕ್ಕೆ ಎಲ್ಲ ಭ್ರಾಂತಿಯೂ ಹೋಗುವುದೆಂದು ತಿಳಿಯತಕ್ಕುದಲ್ಲ. ‘ಒತ್ತಡ’ವು ಒಳ್ಳೆಯ ಕನ್ನಡ ಶಬ್ದ. ಆದರೂ ಕೊಳವೆಯು ಕಿರಿದಾದೆಡೆಯಲ್ಲಿ ನೀರು ಇಕ್ಕಟ್ಟಿಗೆ ಸಿಕ್ಕುವುದರಿಂದ ಅಲ್ಲಿ ಒತ್ತಡವು ಹೆಚ್ಚೆಂದು ವಿದ್ಯಾರ್ಥಿಯು ಊಹಿಸುವನು. ೧೭೩೮ರಲ್ಲಿ ದಾನಿಯೇಲ್ ಬರ್ನೌಲಿಯು ತನ್ನ ಗ್ರಂಥದಲ್ಲಿ ತೋರಿಸಿದ ತತ್ತ್ವದಂತೆ ಅಲ್ಲಿ ವೇಗವು ಹೆಚ್ಚಿ ಒತ್ತಡವು ಇಳಿಯುವುದು. ಇಲ್ಲಿ ಅಪರಾಧವು ಶಬ್ದದ್ದಲ್ಲ, ಊಹೆಯದು. ಪರಿಹಾರವು ಉಪಾಧ್ಯಾಯನ ಕೈಯಲ್ಲಿದೆ. ಆದರೆ ಸ್ವಭಾವತಃ ಕಠಿನವಾದ ವಿಷಯಕ್ಕೆ ಶಬ್ದದ ಕಾಠಿನ್ಯವನ್ನೂ ಕೂಡಿಸುವುದು ಯಾವ ನ್ಯಾಯ?

ಇದು ಕೇವಲ ವೈಯಾಕರಣರ ವಿವಾದವೂ ಅಲ್ಲ. ಲೋಳೆಯನ್ನು ತೊಳೆದ ನೀರು ಹಾಗೆಯೇ ಹಳ್ಳಕ್ಕೆ ಹೋದರೆ ಅಲ್ಲಿ ಕೊಳೆತು ನೀರಿನಲ್ಲಿರುವ ಆಮ್ಲಜನಕವನ್ನು ಹೀರಿ ಮೀನುಗಳನ್ನು ಕೊಲ್ಲುವುದು. ಕೆಳಗಿನ ಊರಿನವರಿಗೆ ನೀರು ಕೆಡುವುದು. ಅದನ್ನು ತಡೆದು ಸುಣ್ಣದಿಂದ ಹುಳಿಯನ್ನು ಮುರಿದು ತೊಟ್ಟಿಗಳಲ್ಲಿ ಶುದ್ಧಿಮಾಡುವ ಕಾರ್ಯವು ರಾಸಾಯನಿಕ ಇಂಜಿನಿಯರನದು. ಆ ಕಾರ್ಯಕ್ಕೆ ಈ ಬೆಟ್ಟದ ಮಕ್ಕಳಿಗಿಂತ ಯೋಗ್ಯರು ಯಾರು? ಮೂಡಿಗೆರೆಯಲ್ಲಿ ನೆಲಸಿ ೨೦೦೭ರಲ್ಲಿ ಕಾಲವಶರಾದ ಪೂರ್ಣಚಂದ್ರ ತೇಜಸ್ವಿಯವರು ೧೯೮೦ರ ‘ಕರ್ವಾಲೊ’ ಕಾದಂಬರಿಯಲ್ಲಿ ವಿಜ್ಞಾನಿಯ ಪಕ್ಕದಲ್ಲಿ ಹಳ್ಳಿಯ ಮಂದಣ್ಣನನ್ನು ನಿಲ್ಲಿಸಿದರು. ಒಬ್ಬನಿಗೆ ಶಾಸ್ತ್ರವಿತ್ತು, ಇನ್ನೊಬ್ಬನಿಗೆ ಕಂಡರಿವಿತ್ತು. ಆ ಎರಡನ್ನೂ ಒಬ್ಬನಲ್ಲಿಯೇ ಕೂಡಿಸುವುದು ಕನ್ನಡದ ಪಾಠಶಾಲೆಯ ಕೆಲಸ.

ಅಂಗೈಯಲ್ಲಿ ಬೀಜವನ್ನು ಹಿಚುಕಿ ಹದವನ್ನು ಹೇಳಬಲ್ಲ ತಾಯಿಯ ಮಗನು ಪುಸ್ತಕವನ್ನು ತೆರೆದಾಗ, ಆಕೆಯ ಕೈ ಬಲ್ಲುದನ್ನೇ ಅದು ಹೇಳುತ್ತಿದೆಯೆಂದು ಅವನಿಗೆ ತಿಳಿಯಬೇಕು. ಮಂದತೆಯೆಂದರೆ ತಿಳಿದೀತು, ಸ್ನಿಗ್ಧತೆಯೆಂದರೆ ತಿಳಿಯದು. ಪರಿಭಾಷೆಯನ್ನು ರಚಿಸುವವರು ನಿಘಂಟಿನೊಡನೆ ಪಲ್ಪರ್ ಮನೆಯನ್ನೂ ಒಮ್ಮೆ ನೋಡಿ ಬರುವುದು ಶಾಸ್ತ್ರಕ್ಕೂ ಭಾಷೆಗೂ ಶ್ರೇಯಸ್ಕರವಾದೀತು.